ಕುಂಕುಮ ಹಚ್ಚಿದ ಸಿಲಿಂಡರು

ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮುಂದೆ ಬಗ್ಗಿದ ಅಧಿಕಾರಿ ಮೇಲೇಳಲೇ ಇಲ್ಲ.

ಮದ್ದೂರಿನಲ್ಲಿ ನಮ್ಮ ಮನೆ ಹತ್ತಿರದ ಸರ್ಕಾರಿ ಮೈದಾನದಲ್ಲಿ ಗಣಪತಿ ಕೂರಿಸಲು ಪ್ರತಿ ಪೆಂಡಾಲಿನಲ್ಲೂ ಇಂಥದ್ದೊಂದು ಇರಲೇಬೇಕು. ಇಲ್ಲದಿದ್ದರೆ ಅನುಮತಿ ಇಲ್ಲ, ಪೆಂಡಾಲು ಬಿಚ್ಚಬೇಕು. ಆ ತುದಿಯಲ್ಲಿ ನಮ್ಮ ಬೀದಿಯ ಪೆಂಡಾಲು, ಈ ತುದಿಯಲ್ಲಿ ಹಿಂದಿನ ಬೀದಿಯ ಜಯಮ್ಮನವರದು. ಎರಡಕ್ಕೂ ಇದ್ದದ್ದು ಒಂದೇ ಸಿಲಿಂಡರು. ನಮ್ಮದನ್ನು ನೋಡಿ ಮುಗಿಸಿದ ಅಧಿಕಾರಿ ಕಾಫಿ ಕುಡಿಯುವಷ್ಟರಲ್ಲಿ, ನಾನೇ ಅದನ್ನು ತರಕಾರಿ ಚೀಲದಲ್ಲಿಟ್ಟು, ಮೇಲೆ ಕರಿಬೇವು ಮುಚ್ಚಿ ಇಲ್ಲಿಗೆ ತಂದಿದ್ದೆ.

ಮರೆತದ್ದು ಒಂದೇ. ಹೊಸ ಮಿಕ್ಸಿ ಬಂದರೂ ಅರಿಶಿನ ಕುಂಕುಮ ಹಚ್ಚುವವರು ನಾವು. ಬೆಳಿಗ್ಗೆ ಸಿಲಿಂಡರಿಗೂ ಹಚ್ಚಿ, ಅದರ ಕುತ್ತಿಗೆಗೆ ಸೇವಂತಿಗೆ ಸಿಕ್ಕಿಸಿದ್ದೆ. ತರುವ ಆತುರದಲ್ಲಿ ಅವನ್ನು ತೆಗೆಯಲೇ ಇಲ್ಲ.

"ಇದನ್ನ ಆಗ್ಲೇ ಆ ಕಡೆ ನೋಡ್ದೆ ಅಲ್ವಾ?" ಎಂದರು ಅಧಿಕಾರಿ.

ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಕಾನ್ವೆಂಟಿನಲ್ಲಿ ಓದಿದ ನಾನು ಖಾಲಿ ಚೀಲ ಮಡಿಸತೊಡಗಿದೆ. ಜಯಮ್ಮ ಮಾತ್ರ ರೆಪ್ಪೆ ಮಿಟುಕಿಸದೆ, "ಅದು ಇದ್ರ ಅಕ್ಕ ಕಣಪ್ಪ, ಅಲ್ಲೇ ಐತೆ" ಎಂದರು.

"ಸರಿ, ಅಕ್ಕನ್ನೂ ಕರ್ಕೊಂಡ್ ಬನ್ನಿ. ಇಬ್ರನ್ನೂ ಒಟ್ಟಿಗೆ ನೋಡಿ ಸೈನ್ ಹಾಕ್ತೀನಿ." ಪೈಪಿಗೆ ಸಿಕ್ಕಿಕೊಂಡಿದ್ದ ಕರಿಬೇವಿನ ಎಸಳನ್ನು ಬಿಡಿಸಿ, ನಗದೆ ನನ್ನ ಕೈಗಿಟ್ಟರು.

ಸಂಜೆಯೊಳಗೆ ಮಂಡ್ಯದಿಂದ ಇನ್ನೊಂದು ತರಿಸಿದೆವು, ಸೈನೂ ಬಿತ್ತು. ಹೊಸದಕ್ಕೂ ಹಚ್ಚಲು ಕುಂಕುಮದ ಬಟ್ಟಲು ಹಿಡಿದು ಹೊರಟರೆ ಜಯಮ್ಮ, "ಬುಡವ್ವ, ಗುರ್ತು ಸಿಕ್ಬುಟ್ಟಾತು!" ಎಂದು ತಡೆದರು. ಅದಕ್ಕೇ, ಯಾರೂ ಎತ್ತಿ ನೋಡದ ತಳಕ್ಕೆ ಹಚ್ಚಿ ಬಂದೆ.