ಕಿತ್ತು ಮತ್ತೆ ನೆಟ್ಟ ಹಲ್ಲು

ಬಲಗಡೆಯ ಆ ದವಡೆ ಹಲ್ಲಿಗೆ ಎರಡು ಸಲ ರೂಟ್ ಕೆನಾಲ್ ಆಗಿತ್ತು. ಆದರೂ ಕೀವು ನಿಲ್ಲಲಿಲ್ಲ. ಎಡಗಡೆಯ ದವಡೆ ಹಲ್ಲುಗಳು ಎಂದೋ ಹೋಗಿದ್ದವು. ಇದೂ ಹೋದರೆ ರೊಟ್ಟಿ ತಿನ್ನುವುದು ಮುಗಿಯಿತು ಎಂದುಕೊಂಡಿದ್ದೆ.

ಬೆಂಗಳೂರಿನ ಬಿಟಿಎಂ ಲೇಔಟಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ದಿನಾ ಬೆಳಿಗ್ಗೆ ಜೋಳದ ರೊಟ್ಟಿ ತಟ್ಟುತ್ತೇನೆ. ಕೆಳಗಿನ ಮನೆಯ ಓನರ್ ಆಂಟಿ ಮೆಟ್ಟಿಲ ಬಳಿ ನಿಂತು ಕೂಗುತ್ತಿದ್ದರು: "ಏನ್ ಸಾರ್, ನನ್ ತಲೆ ಮೇಲೇ ತಟ್ತೀರಲ್ಲ! ಚಪಾತಿ ಲಟ್ಟಿಸ್ಕೊಳ್ಳಿ, ಸೌಂಡೇ ಬರಲ್ಲ."

"ಹೂಂರಿ" ಎನ್ನುತ್ತಿದ್ದೆ. ಕೆಲವು ರಜಾದಿನಗಳಲ್ಲಿ ನಾನು ಆಡಿದ ಮಾತು ಅದೊಂದೇ.

ಜಯನಗರದ ಡಾಕ್ಟರಮ್ಮ ಎಕ್ಸ್‌ರೇ ನೋಡಿ ಹೇಳಿದರು: "ಹಲ್ಲು ಕಿತ್ತು, ಹೊರಗೇ ಬೇರಿನ ತುದಿ ಕ್ಲೀನ್ ಮಾಡಿ, ಸಿಮೆಂಟ್ ತುಂಬಿ, ವಾಪಸ್ ಅದೇ ಜಾಗಕ್ಕೆ ಇಡ್ತೀನಿ. ಸುತ್ತ ಮೂಳೆ ಬೆಳೆಯೋಕೆ ಪುಡಿ ಹಾಕ್ತೀನಿ."

"ಕಿತ್ತ ಹಲ್ಲು ಮತ್ತ ಕೂಡ್ತದೇನ್ರಿ?"

"ಬೇರು ಒಣಗೋದ್ರೊಳಗೆ ಇಟ್ರೆ ಕೂಡತ್ತೆ. ಗ್ಯಾರಂಟಿ ಕೊಡಲ್ಲ ಸಾರ್."

ನಾನು ಹತ್ತನೇ ತರಗತಿ ಪಾಸಾದದ್ದು ಮೂವತ್ತು ದಾಟಿದ ಮೇಲೆ. ಯಾವ ಕಾಗದವನ್ನೂ ಪೂರ್ತಿ ಓದದೆ ಸಹಿ ಹಾಕುವುದಿಲ್ಲ. ಒಪ್ಪಿಗೆ ಪತ್ರವನ್ನು ಓದುತ್ತಾ ಹೋಗಿ, 'ಜೊತೆಗೆ ಬಂದವರು' ಎಂಬಲ್ಲಿ ನಿಂತೆ.

"ಯಾರೂ ಬಂದಿಲ್ವಾ ಅಂಕಲ್?" ಎಂದಳು ರಿಸೆಪ್ಷನ್ ಹುಡುಗಿ. "ಹೋಗ್ಲಿ, ಏನಾದ್ರೂ ಆದ್ರೆ ಫೋನ್ ಮಾಡೋಕೆ ಒಂದ್ ನಂಬರ್ ಕೊಡಿ."

ಓನರ್ ಆಂಟಿಯ ನಂಬರ್ ಬರೆದೆ. ಅವರನ್ನು ಕೇಳಿರಲಿಲ್ಲ.

ಹಲ್ಲು ಹೊರಬಂದಾಗ ನೋವಾಗಲಿಲ್ಲ. ಡಾಕ್ಟರಮ್ಮ ಅದನ್ನು ಇಕ್ಕಳದಲ್ಲಿ ಹಿಡಿದು, ಬೇರಿಗೆ ನೀರು ಹನಿಸುತ್ತಾ, ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಬಾಯಿ ತೆರೆದುಕೊಂಡು ನಾನು ಗೋಡೆ ಗಡಿಯಾರ ನೋಡುತ್ತಿದ್ದೆ. ನನ್ನದೊಂದನ್ನು ಅಷ್ಟು ಜೋಪಾನವಾಗಿ ಯಾರಾದರೂ ಹಿಡಿದು ಎಷ್ಟು ಕಾಲವಾಯಿತೋ. ಹತ್ತು ನಿಮಿಷ ದಾಟುವುದರೊಳಗೆ ಹಲ್ಲು ಕುಳಿಗೆ ಹೋಯಿತು. ಪಕ್ಕದ ಹಲ್ಲಿಗೆ ಸೇರಿಸಿ ತಂತಿ ಅಂಟಿಸಿದರು.

"ಒಂದ್ ತಿಂಗಳು ಗಂಜಿ, ಮೆತ್ತಗಿನ ಅನ್ನ. ಮಾತೂ ಕಮ್ಮಿ ಮಾಡಿ."

ಮಾತಿನ ಪಥ್ಯ ಕಷ್ಟವಾಗಲಿಲ್ಲ. ಆಫೀಸಿನಲ್ಲಿ ಲಕೋಟೆಗಳ ಮೇಲೆ ವಿಳಾಸ ಟೈಪ್ ಮಾಡುವವನು ನಾನು, ಮಾತು ಕಮ್ಮಿಯಾದದ್ದು ಯಾರಿಗೂ ಗೊತ್ತಾಗಲಿಲ್ಲ. ಕೋಣೆಯಲ್ಲಿ ಗಂಜಿ ಕುದಿಯುವಾಗ ಮೆಟ್ಟಿಲ ಕಡೆ ಕಿವಿ ಹೋಗುತ್ತಿತ್ತು. ರೊಟ್ಟಿ ತಟ್ಟುವ ಸದ್ದು ನಿಂತದ್ದೇಕೆಂದು ಆಂಟಿ ಕೇಳಬಹುದು ಎಂದುಕೊಂಡಿದ್ದೆ. ಕೇಳಲಿಲ್ಲ.

ನಡುವೆ ತಂತಿ ತೆಗೆದರು. ತಿಂಗಳಾದ ಮೇಲೆ ಡಾಕ್ಟರಮ್ಮ ಹಲ್ಲನ್ನು ಮೆಲ್ಲಗೆ ತಟ್ಟಿ, ಅಲುಗಿಸಿ ನೋಡಿ ನಕ್ಕರು. "ಹಿಡ್ಕೊಂಡಿದೆ. ಮೆತ್ತಗಿನ ರೊಟ್ಟಿ ಶುರು ಮಾಡಿ. ಗಟ್ಟಿದು ಇನ್ನೂ ಬೇಡ."

ಮರುದಿನ ಬೆಳಿಗ್ಗೆ ಹಿಟ್ಟು ನಾದಿ ತಟ್ಟತೊಡಗಿದೆ. ಎರಡನೇ ರೊಟ್ಟಿಗೆ ಕೆಳಗಿನಿಂದ ಕೂಗು ಬಂತು.

"ಓ! ಬಂದ್ರಾ ಸಾರ್? ಊರಿಗ್ ಹೋಗಿದ್ರಾ ಇಷ್ಟ್ ದಿನ?"

ಹಿಟ್ಟಿನ ಕೈಯಲ್ಲೇ ಬಾಗಿಲ ತನಕ ಹೋದೆ.

"ಹೂಂರಿ" ಎಂದೆ.

ವಾಪಸ್ ಬಂದು ಕೂತು, ರೊಟ್ಟಿಯ ಅಂಚು ಮುರಿದು ಬಲಗಡೆಗೆ ಇಟ್ಟುಕೊಂಡೆ. ಭಯದಿಂದಲೇ ಕಡಿದೆ. ಹಲ್ಲು ಅಲುಗಲಿಲ್ಲ.