ಹಾಜರಿ ಪುಸ್ತಕದ ಹದಿನೇಳನೇ ಹೆಸರು

ಹೆಗ್ಗದ್ದೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಹನ್ನೊಂದು ವರ್ಷ ರೈಟರ್ ಆಗಿದ್ದೆ. ಬೆಳಿಗ್ಗೆ ಏಳೂವರೆಗೆ ಸ್ಟೋರಿನ ಮುಂದೆ ಆಳುಗಳನ್ನು ನಿಲ್ಲಿಸಿ ಹೆಸರು ಕೂಗುವುದು ನನ್ನ ಕೆಲಸ. ಬಂದವರು ‘ಬಂದೆ’ ಅನ್ನಬೇಕು. ಬಾರದವರ ಪರವಾಗಿ ಅವರ ಮನೆಯವರೇ ‘ಆಬ್ಸೆಂಟ್’ ಅನ್ನಬೇಕು. ಈ ಪದ್ಧತಿ ಯಾವ ಪುಣ್ಯಾತ್ಮ ಮಾಡಿದ್ದೋ ಗೊತ್ತಿಲ್ಲ.

ಎಸ್ಟೇಟು ಆಳುಗಳಿಗೆ ಕೊಟ್ಟಿದ್ದ ಲೈನ್ ಮನೆಗಳಲ್ಲಿ ಇಂಗ್ಲಿಷಿನ ಬೇರಾವ ಮಾತೂ ಇಷ್ಟು ಓಡಾಡುತ್ತಿರಲಿಲ್ಲ. ಸಾರಿನಲ್ಲಿ ಉಪ್ಪು ಆಬ್ಸೆಂಟು, ಸಂಜೆಯಾದರೆ ಕರೆಂಟು ಆಬ್ಸೆಂಟು. ಕೊಟ್ಟಿಗೆಗೆ ಬಾರದ ಕರುವೂ ಆಬ್ಸೆಂಟೇ. ಶಾಲೆಯ ಮುಖ ಕಾಣದವರ ಬಾಯಲ್ಲಿ ಅದರ ಅರ್ಥ ಇಷ್ಟೇ: ಈಗಿಲ್ಲ, ಆಮೇಲೆ ಬರುತ್ತೆ.

ತೊಂಬತ್ತೆಂಟರ ಕಾಫಿ ಕೊಯ್ಲಿನಲ್ಲಿ ದ್ಯಾವಯ್ಯ ಕಾಮಾಲೆಯಾಗಿ ಸತ್ತ. ಪುಸ್ತಕದಲ್ಲಿ ಹದಿನೇಳನೆಯ ಹೆಸರು ಅವನದು. ಲೈನ್ ಮನೆಯೂ ಅವನ ಹೆಸರಿನಲ್ಲೇ ಇತ್ತು. ಹೆಂಡತಿ ಇಂದ್ರಮ್ಮ ಕೊಯ್ಲಿನ ಕಾಲಕ್ಕೆ ಮಾತ್ರ ಬರುವ ಆಳು; ಅಂಥವರ ಹೆಸರು ಕೂಗುತ್ತಿರಲಿಲ್ಲ, ತಲೆ ಎಣಿಸುತ್ತಿದ್ದೆವು. ಗಂಡನ ಹೆಸರು ಹೊಡೆದುಹಾಕಿದರೆ ಅವಳೂ ಎರಡು ಹೆಣ್ಣುಮಕ್ಕಳೂ ಮನೆ ಬಿಡಬೇಕು. ಅವನ ಜಾಗಕ್ಕೆ ಇವಳನ್ನೇ ಹಾಕಿಕೊಳ್ಳಿ ಎಂದು ಮಂಗಳೂರಿನಲ್ಲಿದ್ದ ಧಣಿಗಳಿಗೆ ಬರೆದೆ. ಉತ್ತರ ಬರುವ ತನಕ ಆಬ್ಸೆಂಟ್ ಹಾಕುತ್ತಿರು ಅಂದರು ಮ್ಯಾನೇಜರು.

ಮಣ್ಣು ಮಾಡಿದ ಮೂರನೇ ದಿನವೇ ಅವಳು ಕೊಯ್ಲಿನ ಚೀಲ ಸೊಂಟಕ್ಕೆ ಕಟ್ಟಿಕೊಂಡು ಬಂದು ನಿಂತಳು. ಅವನ ಹೆಸರು ಹಾರಿಸಿ ಮುಂದೆ ಹೋದೆ. ಅವಳೇ ತಡೆದಳು.

“ನಮ್ಮನೆಯವ್ರ ಹೆಸ್ರು ಕೂಗ್ನಿಲ್ಲ, ರೈಟ್ರೇ. ಕೂಗ್ದಿದ್ರೆ ಹೊಡ್ದಾಕ್ಬುಟ್ರು ಅಂತಾರೆ.”

ಕೂಗಿದೆ. “ಆಬ್ಸೆಂಟ್” ಅಂದಳು. ದನಿಯಲ್ಲಿ ಏನೂ ಇರಲಿಲ್ಲ.

ಹೀಗೇ ನಲವತ್ತೊಂದು ದಿನ. ಸತ್ತವನನ್ನು ನಾನು ಕರೆಯುವುದು, ಆಬ್ಸೆಂಟ್ ಎಂದು ಅವಳು ಹೇಳುವುದು. ಅವಳು ಅಳಲೇ ಇಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಾಳೆ, ಇಡದಿದ್ದರೆ ಇಲ್ಲ ಎಂದು ಪಕ್ಕದ ಮನೆಯ ನಂಜಮ್ಮ ಹೇಳುತ್ತಿದ್ದಳು. ಆ ಹೆಸರು ಬಂದಾಗಲೆಲ್ಲ ಈ ಕೆಲಸಕ್ಕಿಷ್ಟು ಬೆಂಕಿ ಹಾಕ ಅನ್ನಿಸುತ್ತಿತ್ತು ನನಗೆ. ಆದರೂ ಕೂಗುತ್ತಿದ್ದೆ.

ಕೊನೆಗೊಂದು ಸಂಜೆ ಒಪ್ಪಿಗೆ ಬಂತು. ಲೈನಿಗೇ ಹೋಗಿ, ಮನೆ ಉಳಿಯಿತು, ನಾಳೆಯಿಂದ ಆ ಜಾಗದಲ್ಲಿ ನಿನ್ನ ಹೆಸರು ಎಂದು ಹೇಳಿದೆ. ತಲೆ ಆಡಿಸಿದಳು. ನಾನು ವಾಪಸು ಬಂದು ದ್ಯಾವಯ್ಯನ ಮೇಲೆ ಗೆರೆ ಎಳೆದು ಅವಳ ಹೆಸರು ಬರೆದೆ.

ಮಾರನೆಯ ಬೆಳಿಗ್ಗೆ ಹದಿನಾರು ಹೆಸರು ಮುಗಿಸಿ, “ಇಂದ್ರಮ್ಮ” ಎಂದು ಕೂಗಿದೆ.

“ಆಬ್ಸೆಂಟ್” ಅಂದಳು.

ಯಾರೂ ನಗಲಿಲ್ಲ. ನಂಜಮ್ಮ ಅವಳ ಕೈ ಹಿಡಿದು, “ನಿನ್ನೇ ಕಣವ್ವ ಕರ್ದಿದ್ದು” ಅಂದಳು. ಇಂದ್ರಮ್ಮ ನನ್ನ ಕಡೆ ತಿರುಗಿದಳು.

“ಹಂಗಾದ್ರೆ ಇನ್ಮೇಲೆ ಅವ್ರುನ್ನ ಕೂಗಕಿಲ್ವಾ, ರೈಟ್ರೇ?”

ನಾನು ಹದಿನೆಂಟನೆಯ ಹೆಸರು ಕೂಗಿದೆ.