ಗಿರಣಿಯ ಮಹಡಿಯ ರಾಕ್

ಗಿರಣಿ ಅಕ್ಕನನ್ನು ಮಾತಾಡಿಸಲು ಈ ಬರಹಗಾರ ಕರಿ ಷರ್ಟು ತೊಟ್ಟು ಹೋದ. ರಾಕ್ ಸಂಗೀತದ ವಿಷಯಕ್ಕೆ ಕಪ್ಪೇ ಸರಿ ಎಂಬ ಜಾಣತನ. ಹಿಟ್ಟಿನ ಮೂಟೆಗೆ ಠೀವಿಯಿಂದ ಒರಗಿ ಕುಳಿತ. ಎದ್ದಾಗ ಬೆನ್ನೆಲ್ಲ ಬೆಳ್ಳಗೆ.

"ಪರವಾಗಿಲ್ಲ ಬಿಡಿ, ನಿಮ್ಮ ನರೆಗೂದಲಿಗೆ ಹೊಂದುತ್ತೆ," ಅಂದರು ಅಕ್ಕ, ಜರಡಿ ಆಡಿಸುತ್ತಲೇ.

ಅತ್ತೆಯಿಂದ ಹಿಟ್ಟಿನ ಗಿರಣಿ ವಹಿಸಿಕೊಂಡಾಗ ಅಕ್ಕನಿಗೆ ಇಪ್ಪತ್ತಾರು. ಆಗೆಲ್ಲ ಸಂಗೀತವೆಂದರೆ ಹಿರಿಯರು ಕುಳಿತು ತಲೆದೂಗುವಂಥದ್ದು. ರೇಡಿಯೊದಲ್ಲಿ ಗಿಟಾರ್ ಕೇಳಿದ್ದೇ ತಡ, ಕಾರ್ಖಾನೆ ಕೆಲಸಗಾರರ ನಾಲ್ಕು ಮಕ್ಕಳು ಕೂದಲು ಬಿಟ್ಟರು, ಎದ್ದು ನಿಂತು ಹಾಡತೊಡಗಿದರು. ಅಭ್ಯಾಸಕ್ಕೆ ಯಾರೂ ಜಾಗ ಕೊಡಲಿಲ್ಲ. ಅಕ್ಕ ಗಿರಣಿಯ ಮಹಡಿ ಕೊಟ್ಟರು. ಕೆಳಗಿನ ಸದ್ದನ್ನು ಮೀರಬೇಕಲ್ಲ, ಹುಡುಗರು ಇನ್ನೂ ಜೋರಾದರು. ರಾಕ್ ಅಷ್ಟು ಗದ್ದಲವಾಗಲು ಯುವಜನರ ಸಿಟ್ಟೇ ಕಾರಣ ಅಂತಾರೆ ತಿಳಿದವರು. ಇರಬಹುದು. ನಮ್ಮೂರಲ್ಲಿ ಮಾತ್ರ ಹತ್ತು ಅಶ್ವಶಕ್ತಿಯ ಮೋಟಾರಿಗೂ ಅದರಲ್ಲಿ ಪಾಲುಂಟು.

ಬೀದಿಯ ಹಿರಿಯರು ಬಂದರು. "ಅವರನ್ನ ಕೆಳಗಿಳಿಸಮ್ಮ. ಇರೋ ಮಕ್ಕಳೂ ಕೆಡ್ತಾರೆ."

"ಶನಿವಾರ ಶಾಲೆ ಸಭಾಂಗಣದಲ್ಲಿ ಹಾಡ್ತಾರೆ, ಬನ್ನಿ. ಹಾಡು ಮುಗಿಯೋದರೊಳಗೆ ಜನ ಎದ್ದು ಹೋದರೆ, ಭಾನುವಾರ ನಾನೇ ಮಹಡಿಗೆ ಬೀಗ ಹಾಕ್ತೀನಿ."

ಶನಿವಾರ ಹಾಡು ಶುರುವಾದದ್ದೇ ಹಳಿ ತಪ್ಪಿತು. ಡ್ರಮ್ಮಿನದು ಒಂದು ದಾರಿ, ಗಿಟಾರಿನದು ಇನ್ನೊಂದು. ಹಿರಿಯರು ತೃಪ್ತಿಯಿಂದ ಕುರ್ಚಿ ಸರಿಸಿ ಎದ್ದರು. ಏನಾಯಿತೆಂದು ಹುಡುಗರಿಗೇ ತಿಳಿಯಲಿಲ್ಲ, ಅಕ್ಕನಿಗೆ ಹೊಳೆಯಿತು. ಗಿರಣಿಯ ಬೆಲ್ಟಿನ ಹೊಲಿಗೆ ಚಕ್ರ ದಾಟುವಾಗಲೆಲ್ಲ ಟಪ್ ಅನ್ನುತ್ತಿತ್ತು. ಎರಡು ವರ್ಷ ಇವರು ತಾಳ ಹಿಡಿದದ್ದು ಅದಕ್ಕೆ. ಇಲ್ಲಿ ಬೆಲ್ಟೇ ಇಲ್ಲ.

ಅಕ್ಕ ಎದ್ದು ಹೋಗಿ ವೇದಿಕೆಯ ಹಲಗೆಯ ಮೇಲೆ ಅಂಗೈ ಬಡಿಯತೊಡಗಿದರು. ಟಪ್. ಟಪ್. ಡ್ರಮ್ಮಿನವನು ಕತ್ತೆತ್ತಿ ನೋಡಿದ. ದಾರಿ ಸಿಕ್ಕಿತು. ಹೊರಡಲು ಎದ್ದವರು ಬಾಗಿಲವರೆಗೆ ಹೋಗಿ ಅಲ್ಲೇ ನಿಂತರು, ಕೊನೆಯತನಕ ನಿಂತೇ ಇದ್ದರು. ನಮ್ಮೂರಲ್ಲಿ ಹಿರಿಯರು ನಿಂತು ಸಂಗೀತ ಕೇಳಿದ್ದು ಅದೇ ಮೊದಲು.

ಮಹಡಿಗೆ ಬೀಗ ಬೀಳಲಿಲ್ಲ. ಕಾರ್ಖಾನೆ ಮುಚ್ಚಿದ ವರ್ಷ ಕಿರುಚಿ ಹಾಡುವವರ ತಂಡ ಬಂತು, ಆಮೇಲೆ ಹುಡುಗಿಯರದೇ ತಂಡ. ಈಗ ಆ ಡ್ರಮ್ಮಿನವನ ಮೊಮ್ಮಗಳು ಅಲ್ಲಿ ಗಿಟಾರ್ ನುಡಿಸುತ್ತಾಳೆ. ಹೊಲಿಗೆಯಿಲ್ಲದ ಬೆಲ್ಟು ಬಂದು ಎಷ್ಟೋ ಕಾಲವಾಯಿತು, ಅಕ್ಕ ಹಾಕಿಸಿಲ್ಲ.

"ಆ ಶನಿವಾರದ ಹಾಡು ಹೇಗಿತ್ತಕ್ಕ?" ಬರಹಗಾರ ಬೆನ್ನು ಕೊಡವಿಕೊಳ್ಳುತ್ತ ಕೇಳಿದ.

"ಹಾಡೆಲ್ಲಿ ಕೇಳೋಕಾಯ್ತು? ನಾನು ಹಲಗೆ ಮೇಲೆ ಗಿರಣಿ ಓಡಿಸ್ತಿದ್ದೆನಲ್ಲ."